ರಾಣಿಪುರಂಗೆ ಹೊರಟವರಿಗೆ: ಹಗಲು ಕಾಡಿನಲ್ಲಿ, ರಾತ್ರಿ ತೋಟದಲ್ಲಿ

ಕಾಸರಗೋಡು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಬೇಕಲ ಕೋಟೆ, ಕಡಲು, ಅನಂತಪುರದ ಕೆರೆ. ಬೆಟ್ಟ ಹತ್ತುವ ಆಸೆಯಾದರೆ ನಮ್ಮ ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗರೂ ಸೀದಾ ಚಿಕ್ಕಮಗಳೂರಿಗೋ ಮಡಿಕೇರಿಗೋ ಗಾಡಿ ಬಿಡುತ್ತಾರೆ. ಅಲ್ಲಿ ಶನಿವಾರ, ಭಾನುವಾರ ನೋಡುವುದು ಬೆಟ್ಟವನ್ನಲ್ಲ, ಮುಂದಿನ ಕಾರಿನ ನಂಬರ್ ಪ್ಲೇಟನ್ನು. ನಮ್ಮದೇ ಜಿಲ್ಲೆಯ ಮೂಡು ಅಂಚಿನಲ್ಲಿ, ಕೊಡಗಿಗೆ ತಾಗಿಕೊಂಡು, ಶೋಲಾ ಕಾಡು (ಬೆಟ್ಟದ ಮಡಿಕೆಗಳ ನಿತ್ಯಹಸಿರು ಕಾಡು) ಮತ್ತು ಹುಲ್ಲುಗುಡ್ಡೆಗಳ ಸಾಲೊಂದು ಇದೆ. ರಾಣಿಪುರಂ ಅದರ ಬಾಗಿಲು. ಹಳೆಯ ಹೆಸರು ಮಾಡತ್ತುಮಲೆ.

ಇಲ್ಲಿಗೆ ಬರುವವರಲ್ಲಿ ಎರಡು ತಪ್ಪು ಲೆಕ್ಕ ಜಾಸ್ತಿ. ಬೆಟ್ಟದ ನೆತ್ತಿಯಲ್ಲಿ ಟೆಂಟ್ ಹಾಕಿ ಮಲಗಬಹುದು ಅನ್ನುವುದು ಒಂದು. ಮೊಬೈಲ್ ಮ್ಯಾಪ್‌ನಲ್ಲಿ ಗೆರೆ ಕಂಡರೆ ಅದು ನಡೆಯುವ ದಾರಿ ಅನ್ನುವುದು ಇನ್ನೊಂದು. ಎರಡೂ ಇಲ್ಲಿ ನಡೆಯುವುದಿಲ್ಲ. ಕಾಡು ಅರಣ್ಯ ಇಲಾಖೆಯದ್ದು, ಬೆಳಗ್ಗೆ ಟಿಕೆಟ್ ಪಡೆದು ಹತ್ತಿ, ಸಂಜೆಯೊಳಗೆ ಇಳಿಯಬೇಕು. ರಾತ್ರಿ ಮಲಗುವುದು ಕಾಡಿನ ಹೊರಗೆ, ಯಾರದ್ದಾದರೂ ತೋಟದಲ್ಲಿ ಅಥವಾ ಕಾಟೇಜಿನಲ್ಲಿ. ಇದನ್ನು ಒಪ್ಪಿಕೊಂಡು ಹೊರಟರೆ ಎರಡು ದಿನದ ಚಂದದ ತಿರುಗಾಟ ಆಗುತ್ತದೆ. ಒಪ್ಪದಿದ್ದರೆ ಮುಂದಿನದ್ದನ್ನು ಓದಿ ಪ್ರಯೋಜನ ಇಲ್ಲ.

ಮೊದಲು ಪೊಸಡಿ ಗುಂಪೆಯಲ್ಲಿ ಕಾಲು ನೋಡಿಕೊಳ್ಳಿ

ಬೆಟ್ಟ ಹತ್ತಿ ಅಭ್ಯಾಸ ಇಲ್ಲದವರು ಸೀದಾ ರಾಣಿಪುರಂಗೆ ಹೋಗುವ ಬದಲು, ಹಿಂದಿನ ವಾರ ಪೊಸಡಿ ಗುಂಪೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಪೈವಳಿಕೆ ಪಂಚಾಯತಿನ ಧರ್ಮತ್ತಡ್ಕದ ಹತ್ತಿರದ ಗುಡ್ಡೆ ಇದು. ಬಂದ್ಯೋಡಿನಿಂದ ಪೆರ್ಮುದೆ ದಾಟಿ ಬಂದರೆ ಸಾಕು. ಕನ್ನಡ, ತುಳು ಎರಡೂ ನಡೆಯುವ ಊರು, ದಾರಿ ಕೇಳಲು ಕಷ್ಟ ಇಲ್ಲ. ಬ್ರಿಟಿಷರ ಕಾಲದ ಮಹಾ ತ್ರಿಕೋನಮಿತಿ ಸರ್ವೆಯವರು ಈ ಗುಡ್ಡೆಯನ್ನೂ ಒಂದು ಅಳತೆಯ ನಿಲ್ದಾಣ ಮಾಡಿಕೊಂಡಿದ್ದರು. ಮೇಲೆ ನಿಂತರೆ ಕಾರಣ ಗೊತ್ತಾಗುತ್ತದೆ. ಪಡುವಣಕ್ಕೆ ಕಡಲು. ಮಳೆ ಬಿಟ್ಟ ತಿಳಿ ಬೆಳಗ್ಗೆ ಮೂಡಣಕ್ಕೆ ಕುದುರೆಮುಖದ ಸಾಲು.

ಇಲ್ಲಿ ನೋಡಬೇಕಾದದ್ದು ಮೂರು ವಿಷಯ. ಶೂ ಹೆಬ್ಬೆರಳಿಗೆ ಒತ್ತುತ್ತದಾ, ಅದೂ ಇಳಿಯುವಾಗ? ಬೆನ್ನಿನ ಚೀಲಕ್ಕೆ ಎರಡು ಲೀಟರ್ ನೀರು ಹಾಕಿದರೆ ಹೆಗಲು ನೋಯುತ್ತದಾ? ಜೊತೆಗೆ ಬರುವವರಲ್ಲಿ ಯಾರಿಗೆ ಬೇಗ ಸುಸ್ತಾಗುತ್ತದೆ? ಕೊನೆಯದ್ದು ಮುಖ್ಯ, ಯಾಕೆಂದರೆ ರಾಣಿಪುರಂನಲ್ಲಿ ಗುಂಪಿನ ನಡಿಗೆ ಅವರ ನಡಿಗೆಯೇ ಆಗಿರಬೇಕು. ಗುಂಪೆಯ ಪಾದೆಕಲ್ಲುಗಳ ನಡುವೆ ಗುಹೆಗಳೂ ಇವೆ. ಹೊರಗಿನಿಂದ ನೋಡಿ ಸಾಕು, ಊರಿನವರು ಜೊತೆಗಿಲ್ಲದೆ ಒಳಗೆ ನುಗ್ಗಬೇಡಿ.

ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಹೋಗಿ ಅನ್ನುತ್ತೇನೆ. ಕಾರಣ ಹೇಳಬೇಕಲ್ವಾ, ಹೇಳುತ್ತೇನೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹೆಚ್ಚಿನದ್ದು ಜೂನ್‌ನಿಂದ ಆಗಸ್ಟ್ ಒಳಗೆ ಸುರಿದು ಮುಗಿಯುತ್ತದೆ. ಆಗ ಹುಲ್ಲು ಹಸಿರು, ಮೋಡ ಕಾಲಿನಡಿಗೆ, ಫೋಟೋ ಚಂದ, ಎಲ್ಲವೂ ಸರಿ. ಆದರೆ ಇದೇ ಬೆಟ್ಟಸಾಲಿನ ಆಚೆ ಬದಿಯಲ್ಲಿ, ತಲಕಾವೇರಿಯಲ್ಲಿ, 2020ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆಯನ್ನೇ ಎಳೆದುಕೊಂಡು ಹೋಯಿತು. ಕೇರಳದಲ್ಲಿ ಆರೆಂಜ್ ಅಥವಾ ರೆಡ್ ಅಲರ್ಟ್ ಬಂದರೆ ರಾಣಿಪುರಂ ಹತ್ತುವುದಕ್ಕೂ ತಡೆ ಬೀಳುವುದು ಮಾಮೂಲು. ರಜೆ ಹಾಕಿ, ಗಾಡಿ ಬಾಡಿಗೆ ಕೊಟ್ಟು ಬಂದು ಗೇಟಿನಿಂದ ಹಿಂದೆ ಹೋಗುವ ಗುಂಪುಗಳು ಪ್ರತಿ ಮಳೆಗಾಲ ಇರುತ್ತವೆ. ಹೊರಡುವ ಹಿಂದಿನ ಸಂಜೆ ಜಿಲ್ಲೆಯ ಅಲರ್ಟ್ ಬಣ್ಣ ನೋಡಿ, ಮಲಗುವ ಜಾಗದವರಿಗೂ ಒಂದು ಫೋನ್ ಮಾಡಿ.

ಅಕ್ಟೋಬರ್, ನವೆಂಬರ್‌ನ ತುಲಾ ಮಳೆಯ ಸ್ವಭಾವ ಬೇರೆ. ಬೆಳಗ್ಗೆ ಬಿಸಿಲು ಚೊಕ್ಕಟ, ಮಧ್ಯಾಹ್ನದ ಮೇಲೆ ಗುಡುಗು. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಬಗ್ಗೆ ಎಚ್ಚರ ಇರಲಿ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಹೇಳುತ್ತದೆ. ರಾಣಿಪುರಂನ ನೆತ್ತಿ ಬೋಳು ಹುಲ್ಲು. ಅಲ್ಲಿ ಸುತ್ತಲಿನ ಎಲ್ಲದಕ್ಕಿಂತ ಎತ್ತರ ಇರುವುದು ನೀವೇ. ಹಾಗಾಗಿ ಈ ಎರಡು ತಿಂಗಳು 12 ಗಂಟೆಯೊಳಗೆ ನೆತ್ತಿ ಬಿಟ್ಟು ಮರದ ಕಾಡಿಗೆ ಇಳಿದಿರಬೇಕು.

ಫೆಬ್ರವರಿ ಕೊನೆಯಿಂದ ಹುಲ್ಲು ಒಣಗಿ ಹಳದಿಯಾಗುತ್ತದೆ. ಒಂದು ಬೀಡಿ ತುಂಡು ಸಾಕು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಇಂಥದ್ದೇ ಹುಲ್ಲುಬೆಟ್ಟದಲ್ಲಿ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಏರಿನ ಕಡೆಗೆ ಮನುಷ್ಯ ಓಡುವುದಕ್ಕಿಂತ ಬೇಗ ಓಡುತ್ತದೆ. ಬೇಸಿಗೆಯಲ್ಲಿ ಇಲಾಖೆಯವರು ದಾರಿ ಮುಚ್ಚಿದರೆ ವಾದ ಮಾಡಬೇಡಿ.

ಹೋಗುವ ದಾರಿ

ರೈಲಿನಲ್ಲಿ ಬರುವವರಿಗೆ ಕಾಞಂಗಾಡ್ ನಿಲ್ದಾಣ. ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಹೊಸದುರ್ಗ. ಅಲ್ಲಿಂದ ಪಾಣತ್ತೂರಿಗೆ ಕೆಎಸ್‌ಆರ್‌ಟಿಸಿ ಬಸ್ಸೂ ಉಂಟು, ಖಾಸಗಿ ಬಸ್ಸೂ ಉಂಟು. ಒಡಯಂಚಾಲ್, ರಾಜಪುರಂ ದಾಟಿ ಪನತ್ತಡಿಯಲ್ಲಿ ಇಳಿಯಿರಿ. ಅಲ್ಲಿಂದ ಮೇಲಕ್ಕೆ ಬಸ್ಸು ತೀರಾ ಕಡಿಮೆ, ಜೀಪು ಹಿಡಿಯಬೇಕು. ಬಾಡಿಗೆ ಹತ್ತುವ ಮೊದಲೇ ಮಾತಾಡಿ. ಮರುದಿನ ಇಳಿಯಲು ಎಷ್ಟು ಗಂಟೆಗೆ ಬರಬೇಕು ಎಂದೂ ಆಗಲೇ ಹೇಳಿಬಿಡಿ. ಕಾಞಂಗಾಡಿನಿಂದ ರಾಣಿಪುರಂಗೆ ಒಟ್ಟು 45 ಕಿಲೋಮೀಟರ್ ಮೇಲೆ.

ಸುಳ್ಯ, ಪುತ್ತೂರು ಕಡೆಯವರಿಗೆ ಆಲೆಟ್ಟಿ, ಕಲ್ಲಪಳ್ಳಿ, ಪಾಣತ್ತೂರು ದಾರಿ ಹತ್ತಿರ. ಕಲ್ಲಪಳ್ಳಿ ಗಡಿಯ ಊರು, ಕನ್ನಡ ಚೆನ್ನಾಗಿ ನಡೆಯುತ್ತದೆ. ಆದರೆ ಪಾಣತ್ತೂರಿಗೆ ಇಳಿಯುವ ಆ ಇಳಿಜಾರು ಸಲೀಸಲ್ಲ. 2021ರ ಜನವರಿಯಲ್ಲಿ ಮದುವೆಗೆ ಹೋಗುತ್ತಿದ್ದ ಬಸ್ಸೊಂದು ಪರಿಯಾರಂ ಎಂಬಲ್ಲಿ ಹತೋಟಿ ತಪ್ಪಿ ಮನೆಯ ಮೇಲೆ ಬಿದ್ದದ್ದು ಇದೇ ದಾರಿಯಲ್ಲಿ. ಬ್ರೇಕನ್ನೇ ನಂಬಿ ಇಳಿಸಬೇಡಿ, ಮೊದಲೇ ಸಣ್ಣ ಗೇರಿಗೆ ಹಾಕಿ ನಿಧಾನ ಇಳಿಸಿ. ಮಡಿಕೇರಿ ಕಡೆಯಿಂದ ಬರುವವರಿಗೆ ಭಾಗಮಂಡಲ, ಕರಿಕೆ ದಾರಿ. ಕಾಡಿನ ನಡುವಿನ ಅಗಲ ಕಿರಿದಾದ ರಸ್ತೆ, ತಿರುವು ಜಾಸ್ತಿ. ಕತ್ತಲಾದ ಮೇಲೆ ಬೇಡ.

ಪೆಟ್ರೋಲು, ನಗದು, ಔಷಧಿ ಕೆಳಗೇ ಮಾಡಿಕೊಳ್ಳಿ. ಮೇಲೆ ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಕಳಿಸುವುದೂ ಆಗುವುದಿಲ್ಲ.

ರಾತ್ರಿಯ ಜಾಗ

ರಾಣಿಪುರಂನಲ್ಲಿ ಡಿಟಿಪಿಸಿಯ (ಜಿಲ್ಲಾ ಪ್ರವಾಸೋದ್ಯಮ ಉತ್ತೇಜನ ಮಂಡಳಿ) ಕಾಟೇಜುಗಳಿವೆ, ಸುತ್ತಮುತ್ತ ಹೋಂಸ್ಟೇಗಳೂ ಇವೆ. ತೋಟದ ಮೂಲೆಯಲ್ಲಿ ಟೆಂಟ್ ಹಾಕಲು ಬಿಡುವವರೂ ಸಿಗುತ್ತಾರೆ. ಟೆಂಟೇ ಬೇಕು ಅನ್ನುವವರು ದುಡ್ಡು ಕೊಡುವ ಮೊದಲು ಇಷ್ಟು ಕೇಳಿ: ಜಾಗ ಅವರದ್ದೇ ಪಟ್ಟಾ ಜಾಗವಾ, ಕಾಡಿನ ಅಂಚಿನಿಂದ ಎಷ್ಟು ದೂರ, ಇತ್ತೀಚೆಗೆ ಆನೆ ಇಳಿದಿತ್ತಾ, ಕಕ್ಕಸು ಉಂಟಾ, ರಾತ್ರಿ ಏನಾದರೂ ಆದರೆ ಓಡಿ ಹೋಗಲು ಗೋಡೆ ಇರುವ ಮನೆ ಹತ್ತಿರ ಇದೆಯಾ. ಕೊನೆಯ ಪ್ರಶ್ನೆಗೆ ಇಲ್ಲ ಅಂದರೆ ಆ ಜಾಗ ಬಿಟ್ಟುಬಿಡಿ, ಎಷ್ಟೇ ಚಂದ ಇರಲಿ.

ಹಲಸು ಹಣ್ಣಾಗುವ ಕಾಲದಲ್ಲಿ ಆನೆ ತೋಟಕ್ಕೆ ಇಳಿಯುವುದು ಜಾಸ್ತಿ. ಬಾಳೆ ತೋಟವಂತೂ ವರ್ಷವಿಡೀ ಅದಕ್ಕೆ ಇಷ್ಟ. ಆದ್ದರಿಂದ ಟೆಂಟಿನ ಒಳಗೆ ಬಾಳೆಹಣ್ಣು, ಬೆಲ್ಲ, ಹಲಸಿನ ತೊಳೆ ಯಾವುದೂ ಇಡಬೇಡಿ. ತಿಂಡಿಯ ಚೀಲವನ್ನು ಮನೆಯವರ ಅಡುಗೆ ಕೋಣೆಗೇ ಕೊಟ್ಟುಬಿಡಿ. ಸೋಲಾರ್ ಬೇಲಿ ಇದ್ದರೆ ಅದರ ಕಂಬಕ್ಕೆ ಟೆಂಟಿನ ಹಗ್ಗ ಕಟ್ಟುವ, ತಂತಿಯ ಮೇಲೆ ಬಟ್ಟೆ ಹಾಕುವ ಬುದ್ಧಿವಂತಿಕೆ ಬೇಡ.

ಇನ್ನು ಟೆಂಟ್ ಎಲ್ಲಿ ಹಾಕಬಾರದು. ತೆಂಗಿನ ಮರದಡಿ ಬೇಡ ಎಂದು ಯಾರಿಗೂ ಹೇಳಬೇಕಾಗಿಲ್ಲ, ಆದರೆ ಅಡಿಕೆ ಮರದಡಿಯೂ ಬೇಡ. ನೆನೆದ ಸೋಗೆ ಹಾಳೆ ಸಮೇತ ಬಿದ್ದರೆ ಟೆಂಟಿನ ಕಡ್ಡಿ ಮುರಿಯುತ್ತದೆ. ಒಣಗಿ ನಿಂತ ಮರ, ಹಲಸಿನ ಮರ ಇವುಗಳ ಅಡಿಯೂ ಅಷ್ಟೇ. ತೋಡಿನ ಬದಿ ಸಂಜೆಗೆ ಹಿತವಾಗಿ ಕಾಣುತ್ತದೆ. ಮೇಲೆ ಬೆಟ್ಟದಲ್ಲಿ ಮಳೆ ಬಂದರೆ ಕೆಳಗೆ ಮಳೆಯೇ ಇಲ್ಲದೆ ನೀರು ಏರುತ್ತದೆ. ತೋಡಿನಿಂದ ಎರಡಾಳು ಎತ್ತರವಾದರೂ ಮೇಲಿರಿ.

ರಬ್ಬರ್ ತೋಟದ ವಿಷಯ ಬೇರೆಯೇ. ನೆರಳು, ಸಮತಟ್ಟು ಮಾಡಿದ ಸಾಲು, ಟೆಂಟಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಹಾಲು ಹಿಡಿಯುವ ಗೆರಟೆಗಳಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆ ಮರಿ ಮಾಡುವುದು ಅಲ್ಲೇ. ಟ್ಯಾಪಿಂಗ್ ಇಲ್ಲದ ಕಾಲದಲ್ಲಿ ಗೆರಟೆ ಕವುಚಿ ಹಾಕಿದ್ದಾರಾ ನೋಡಿ. ಹಾಕಿಲ್ಲ ಅಂದರೆ ಬೇರೆ ಜಾಗ ಕೇಳಿ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ರಾತ್ರಿಯ ಸೊಳ್ಳೆಪರದೆ ಮಾತ್ರ ಸಾಕಾಗುವುದಿಲ್ಲ.

ನಮ್ಮ ಮುರಕಲ್ಲಿನ ನೆಲಕ್ಕೆ ಟೆಂಟಿನ ಗೂಟ ಇಳಿಯುವುದಿಲ್ಲ. ಸುಮ್ನೆ ಬಡಿದು ಬಗ್ಗಿಸಬೇಡಿ. ಒಂದೊಂದು ಮೂಲೆಯ ಹಗ್ಗವನ್ನು ತಲೆಯಷ್ಟು ದೊಡ್ಡ ಕಲ್ಲಿಗೆ ಕಟ್ಟಿ, ಅದರ ಮುಂದೆ ಇನ್ನೊಂದು ಕಲ್ಲು ಇಡಿ. ಅಡಿಗೆ ಹಾಸುವ ಟಾರ್ಪಾಲು ಟೆಂಟಿಗಿಂತ ನಾಲ್ಕು ಬೆರಳು ಚಿಕ್ಕದಿರಲಿ. ದೊಡ್ಡದಿದ್ದು ಹೊರಗೆ ಇಣುಕಿದರೆ ಮೇಲಿನ ನೀರೆಲ್ಲ ಅದರ ಮೇಲೆ ಹರಿದು ನಿಮ್ಮ ಬೆನ್ನಡಿಗೇ ಬರುತ್ತದೆ. ಚಳಿ ಎಂದು ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ. ಮಂಜಿನ ರಾತ್ರಿಯಲ್ಲಿ ನಿಮ್ಮ ಉಸಿರೇ ನೀರಾಗಿ ಮೇಲಿಂದ ತೊಟ್ಟಿಕ್ಕುತ್ತದೆ.

ಈ ಜಿಲ್ಲೆಯ ಗುಡ್ಡೆ ತೋಟಗಳಲ್ಲಿ ಕುಡಿಯುವ ನೀರು ಬಾವಿಯಿಂದ ಮಾತ್ರ ಬರುವುದಲ್ಲ, ಸುರಂಗದಿಂದಲೂ ಬರುತ್ತದೆ. ಗುಡ್ಡದೊಳಗೆ ಒಬ್ಬ ಆಳು ಹೋಗುವಷ್ಟು ಅಗಲಕ್ಕೆ ಅಡ್ಡಲಾಗಿ ತೋಡಿ, ಒಸರುವ ನೀರನ್ನು ಸಣ್ಣ ಕಾಲುವೆಯಲ್ಲೋ ಪೈಪಿನಲ್ಲೋ ಹೊರಗೆ ತಂದಿರುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ಅದರ ಬಾಯಿಯ ಹತ್ತಿರ ಸೋಪು ಹಾಕಿ ಪಾತ್ರೆ ತೊಳೆಯುವುದು, ಮೀಯುವುದು ಮನೆಯವರಿಗೆ ದೊಡ್ಡ ಉಪದ್ರ. ನೀರು ಹಿಡಿದು ದೂರ ಒಯ್ದು ತೊಳೆಯಿರಿ. ಕುತೂಹಲಕ್ಕೆ ಒಳಗೆ ಹೋಗಬೇಡಿ, ಒಳಗೆ ಗಾಳಿ ಕಡಿಮೆ ಇರಬಹುದು, ಮಣ್ಣೂ ಜಾರಬಹುದು.

ಕ್ಯಾಂಪ್‌ಫೈರ್? ಮನೆಯವರು ಒಪ್ಪಿದರೆ, ಅವರ ಅಂಗಳದಲ್ಲಿ, ನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡು, ಸಣ್ಣದಾಗಿ. ಸ್ಪೀಕರ್ ಬೇಡ. ರಾತ್ರಿ ಆನೆ ಬಂದರೆ ಮೊದಲು ಗೊತ್ತಾಗುವುದು ಕೊಂಬೆ ಮುರಿಯುವ ಸದ್ದಿನಿಂದ. ನಿಮ್ಮ ಹಾಡಿನ ನಡುವೆ ಅದು ಯಾರಿಗೂ ಕೇಳುವುದಿಲ್ಲ.

ಚೀಲದೊಳಗೆ

ಪಟ್ಟಿ ದೊಡ್ಡದು ಮಾಡುವುದಿಲ್ಲ. ಒಬ್ಬರಿಗೆ ಎರಡು ಲೀಟರ್ ನೀರು, ತುಂಬು ತೋಳಿನ ಅಂಗಿ, ಮೊಣಕಾಲವರೆಗೆ ಬರುವ ದಪ್ಪ ಕಾಲುಚೀಲ, ರೈನ್‌ಕೋಟ್, ಟಾರ್ಚು, ಸೀಟಿ, ಬ್ಯಾಂಡೇಜು, ಓಆರ್‌ಎಸ್ ಪುಡಿ. ಕೊಡೆ ಕಾಡಿನ ದಾರಿಯಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಆದರೂ ನಮ್ಮವರು ಬಿಡುವುದಿಲ್ಲ, ಇರಲಿ. ಸೆಂಟು ಹಾಕಿಕೊಳ್ಳಬೇಡಿ, ಕಾಡಿನಲ್ಲಿ ಹೆಜ್ಜೇನು ಇರುತ್ತದೆ.

ಬೆಟ್ಟಕ್ಕೆ ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ಚಿಪ್ಸ್ ಪ್ಯಾಕೆಟ್ ಗೇಟಿನಲ್ಲಿ ತೆಗೆದಿಡುವ ಬದಲು ಮೊದಲೇ ಊಟದ ಏರ್ಪಾಡು ಬೇರೆ ಮಾಡಿ. ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿದ ಕುಚ್ಚಿಲಕ್ಕಿ ಅನ್ನ, ಒಣ ಚಟ್ನಿ, ಉಪ್ಪಿನಕಾಯಿ ಮಧ್ಯಾಹ್ನದವರೆಗೆ ಹಾಳಾಗುವುದಿಲ್ಲ. ಒಗ್ಗರಣೆ ಅವಲಕ್ಕಿಯೂ ಆಗುತ್ತದೆ. ಸ್ಟೀಲ್ ಬಾಟಲಿಗೆ ಸ್ವಲ್ಪ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ತುಂಬಿಕೊಂಡರೆ ಅಂಗಡಿಯ ಎನರ್ಜಿ ಡ್ರಿಂಕಿನ ನೆನಪೂ ಬರುವುದಿಲ್ಲ. ಎಲೆ ಕೂಡ ವಾಪಸ್ ತನ್ನಿ. ಎಲೆ ಕೊಳೆಯುತ್ತದೆ ನಿಜ, ಆದರೆ ಅನ್ನದ ವಾಸನೆಗೆ ಹಂದಿ, ಮಂಗ ದಾರಿಬದಿಗೆ ಬಂದು ಕಾಯುವುದನ್ನು ಕಲಿಯುತ್ತವೆ.

ಹತ್ತುವ ಬೆಳಗ್ಗೆ

ಕೌಂಟರ್ ತೆರೆಯುವ ಹೊತ್ತಿಗೇ ಅಲ್ಲಿರಿ. ಮಧ್ಯಾಹ್ನ ದಾಟಿದ ಮೇಲೆ ಬೆಟ್ಟಕ್ಕೆ ಬಿಡುವುದು ನಿಲ್ಲುತ್ತದೆ. ಟಿಕೆಟ್ ಕೊಡುವವರು, ದಾರಿಯಲ್ಲಿ ನಿಂತಿರುವ ಗೈಡ್‌ಗಳು ಹೆಚ್ಚಾಗಿ ವನ ಸಂರಕ್ಷಣಾ ಸಮಿತಿಯ ಊರಿನವರೇ. ಮಾತು ಮಲಯಾಳ. ಒಂದು ವಾಕ್ಯ ಕಲಿತುಕೊಳ್ಳಿ: "ಚೇಟ್ಟಾ, ಇನ್ನ್ ಆನ ಇರಙಿಯೋ?" ಅಣ್ಣಾ, ಇವತ್ತು ಆನೆ ಇಳಿದಿದೆಯಾ ಎಂದು ಅರ್ಥ. ಉತ್ತರ ಹೌದು ಅಂತಾದರೆ, ಅವರು ಬೇಡ ಅನ್ನುವವರೆಗೂ ಕಾಯಬೇಡಿ, ನೀವೇ ಇನ್ನೊಂದು ಗಂಟೆ ಚಾ ಕುಡಿಯುತ್ತಾ ಕೂತುಬಿಡಿ. ಪನತ್ತಡಿ ಸುತ್ತಿನ ಮಾವಿಲ ಬುಡಕಟ್ಟಿನವರಿಗೆ ತಮ್ಮದೇ ಬಗೆಯ ತುಳು ಗೊತ್ತು. ನಮ್ಮ ತುಳು ಹಾಕಿ ನೋಡಿ, ಮಾತು ಸಲೀಸಾಗುತ್ತದೆ.

ಗಾಡಿ ನಿಲ್ಲುವ ಜಾಗವೇ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮೇಲಿನ ನೆತ್ತಿಗೆ ಮಾನಿ ಎಂದು ಹೆಸರು, ಅದು ಸಾವಿರ ಮೀಟರ್‌ಗಿಂತ ತುಸು ಜಾಸ್ತಿ. ಅಂದರೆ ನಿಜವಾಗಿ ಏರುವುದು ಸುಮಾರು 300 ಮೀಟರ್, ನಡೆಯುವುದು ಎರಡೂವರೆ ಕಿಲೋಮೀಟರ್ ಸುತ್ತಮುತ್ತ. ಅವಸರ ಇಲ್ಲದೆ ನಡೆದರೆ ಒಂದೂವರೆ ಗಂಟೆ. ಮೊದಲ ಅರ್ಧ ಮರದ ಕಾಡು, ಬೇರುಗಳು ಮೆಟ್ಟಿಲಿನ ಹಾಗೆ ಬಂದಿರುತ್ತವೆ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ಬೇರಿನ ಹಿಂದಿನ ಮಣ್ಣಿಗೆ ಇಡಿ. ಆಮೇಲೆ ಒಮ್ಮೆಲೇ ಕಾಡು ಮುಗಿದು ಹುಲ್ಲು ಸಿಗುತ್ತದೆ. ಅಲ್ಲಿಂದ ಗಾಳಿ ಜೋರು, ನೆರಳಿಲ್ಲ. ಟೋಪಿ ಹಾಕಿಕೊಳ್ಳುವುದು ಅಲ್ಲಿ. ಕೊನೆಯ ಏರು ಕಡಿದು. ಏರುವಾಗ ಉಸಿರು ತಿರುಗಿಸಿಕೊಳ್ಳುತ್ತಾ ಹೇಗಾದರೂ ಹೋಗಬಹುದು, ಇಳಿಯುವಾಗಲೇ ಜಾರುವುದು. ಅಡ್ಡ ಕಾಲು ಹಾಕಿ ಇಳಿಯಿರಿ.

ಮಳೆ ಬಿಟ್ಟ ಹೊಸತರಲ್ಲಿ ಮರದ ಕಾಡಿನ ಭಾಗದಲ್ಲಿ ಉಂಬಳ (ಜಿಗಣೆ) ಗ್ಯಾರಂಟಿ. ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಚೀಲದ ಮೇಲೆ ಹೊಗೆಸೊಪ್ಪು ನೆನೆಸಿದ ನೀರೋ ಸುಣ್ಣ ಕಲಸಿದ ತೆಂಗಿನೆಣ್ಣೆಯೋ ಸವರಿ. ನಿಂತಲ್ಲಿ ಅದು ಹತ್ತುತ್ತದೆ, ನಡೆಯುತ್ತಿದ್ದರೆ ಕಡಿಮೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಉಗುರಿನಿಂದ ಬಾಯಿಯ ಬದಿ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಹೆದರುವಂಥದ್ದು ಏನಿಲ್ಲ. ಒಣ ತಿಂಗಳುಗಳಲ್ಲಿ ಉಂಬಳದ ಬದಲು ಉಣ್ಣಿ. ಸಂಜೆ ಬಟ್ಟೆ ಬಿಚ್ಚಿ ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ. ವಾಪಸಾದ ಮೇಲೆ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳುವುದು ಮರೆಯಬೇಡಿ.

ದಾರಿಯ ಜಾತಿ ಗುರುತಿಸಿ

ನೆತ್ತಿಯಿಂದ ನೋಡಿದರೆ ಸುತ್ತಲಿನ ಗುಡ್ಡೆಗಳ ಮೇಲೆಲ್ಲ ಕಾಲುದಾರಿಗಳು ಕಾಣುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗೋಣ ಎಂದು ಕಾಲು ಎಳೆಯುವುದು ಸಹಜ. ಆದರೆ ಅವುಗಳಲ್ಲಿ ಹೆಚ್ಚಿನವು ನಮಗಾಗಿ ಆದದ್ದಲ್ಲ. ನೋಡಲು ಕಲಿತರೆ ಗುರುತು ಹಿಡಿಯಬಹುದು, ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದೇ.

ದನದ ದಾರಿ ಸಪೂರ. ಇಳಿಜಾರಿನಲ್ಲಿ ಒಂದರ ಮೇಲೊಂದು ಅಡ್ಡ ಗೆರೆಗಳ ಹಾಗೆ ಹತ್ತಾರು ಇರುತ್ತವೆ, ಯಾವುದೂ ಎಲ್ಲಿಗೂ ಮುಟ್ಟಿಸುವುದಿಲ್ಲ. ಮನುಷ್ಯರ ದಾರಿಯಲ್ಲಿ ಕತ್ತಿಯಿಂದ ಕಡಿದ ಕೊಂಬೆಯ ಓರೆ ಗಾಯ ಕಾಣುತ್ತದೆ. ಕಡಿದಾದ ಕಡೆ ಹೆಜ್ಜೆ ಕೊರೆದಿರುತ್ತದೆ, ಕೊನೆಗೆ ಮನೆಗೋ ನೀರಿಗೋ ಹೋಗುತ್ತದೆ. ಅಗಲವಾಗಿ, ನೆಟ್ಟಗೆ, ಹುಲ್ಲು ಕೆತ್ತಿ ಮಣ್ಣು ಕಾಣುವಂತೆ ಇದ್ದರೆ ಅದು ಇಲಾಖೆಯವರು ಬೇಸಿಗೆಗೆ ಮುಂಚೆ ಮಾಡುವ ಬೆಂಕಿ ರೇಖೆ. ಒಂದು ಕಡೆಯ ಬೆಂಕಿ ಇನ್ನೊಂದು ಕಡೆಗೆ ದಾಟಬಾರದೆಂದು ಮಾಡಿದ್ದು. ಸಲೀಸಾಗಿ ಕಾಣುತ್ತದೆ, ಏರು ತಗ್ಗು ನೋಡದೆ ಸೀದಾ ಹೋಗುತ್ತದೆ, ಮಂಡಿ ಹೋಗುವುದು ಅಲ್ಲೇ.

ಆನೆದಾರಿ ಎಲ್ಲಕ್ಕಿಂತ ಒಳ್ಳೆಯ ದಾರಿ, ಮೋಸ ಇರುವುದೂ ಅಲ್ಲೇ. ಅಷ್ಟು ಭಾರದ ಪ್ರಾಣಿ ಕಡಿದು ಏರನ್ನು ಬಿಟ್ಟು ಬೆಟ್ಟದ ಮೈಗೆ ಸುತ್ತಿಕೊಂಡು ಹದವಾದ ಏರಿನಲ್ಲೇ ಹೋಗುತ್ತದೆ. ಅಗಲ ಸಾಕಷ್ಟು, ನೆಲ ಗಟ್ಟಿ, ಕೊಂಬೆಗಳು ಅಡ್ಡ ಬರುವುದಿಲ್ಲ. ದಣಿದವರು ಆಹಾ ಎಂದು ಹಿಡಿಯುವುದು ಅದನ್ನೇ. ಬದಿಯ ಮರಗಳನ್ನು ನೋಡಿ. ನಿಮ್ಮ ತಲೆಗಿಂತ ಎತ್ತರಕ್ಕೆ ಕೆಸರು ಉಜ್ಜಿದ ಗುರುತು ಇರುತ್ತದೆ. ಲದ್ದಿ ಬಿದ್ದಿದ್ದರೆ ಬಣ್ಣ ನೋಡಿ. ಒಣಗಿ ನಾರಾಗಿದ್ದರೆ ಹಳೆಯದು. ಹಸಿ ಇದ್ದು ಹೊಳೆಯುತ್ತಿದ್ದರೆ, ಬಿಸಿ ಇದ್ದರಂತೂ, ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್. ಆನೆಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ನಿಮ್ಮಿಂದ ಅದರ ಕಡೆಗೆ ಬೀಸುತ್ತಿದ್ದರೆ ನೀವು ನೋಡುವ ಮೊದಲೇ ಅದಕ್ಕೆ ಗೊತ್ತಾಗಿರುತ್ತದೆ. ಎದುರಿಗೇ ಸಿಕ್ಕರೆ ಕೂಗಬೇಡಿ, ಕಲ್ಲು ಎಸೆಯಬೇಡಿ, ಫೋಟೋಕ್ಕೆ ನಿಲ್ಲಬೇಡಿ. ಮರಿ ಜೊತೆಗಿದ್ದರೆ ಇನ್ನೂ ದೂರ.

ಮಾನಿಯ ಆಚೆ ಮೂಡಣಕ್ಕೆ ಇಳಿಯುವ ದಾರಿಗಳಿಗೂ ಇದೇ ಮಾತು, ಕಾನೂನಿನ ಕಾರಣವೂ ಸೇರಿ. ಆ ಬದಿ ಕರ್ನಾಟಕದ ತಲಕಾವೇರಿ ವನ್ಯಧಾಮ, 1987ರಲ್ಲಿ ಘೋಷಣೆಯಾದದ್ದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಅಪರಾಧ. ಕೇರಳದ ಟಿಕೆಟ್ ತೋರಿಸಿದರೆ ಅಲ್ಲಿನ ಗಾರ್ಡ್ ನಗುತ್ತಾರೆ ಅಷ್ಟೇ. ನಾವು ಕನ್ನಡದವರು, ನಮ್ಮದೇ ರಾಜ್ಯವಲ್ವಾ ಎಂಬ ಮಾತಿಗೂ ಕಾಡಿನಲ್ಲಿ ಬೆಲೆ ಇಲ್ಲ.

ಮ್ಯಾಪ್ ಬೇಡ ಎಂದಲ್ಲ. ಮನೆಯಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಹೊರಟ ಕೂಡಲೇ ನಡೆದ ದಾರಿ ದಾಖಲಾಗುವ ಹಾಗೆ ಜಿಪಿಎಸ್ ಹಾಕಿಡಿ. ಮಂಜು ಮುಸುಕಿದರೆ ಹುಲ್ಲಿನಲ್ಲಿ ದಾರಿ ಕಣ್ಣಿಗೆ ಕಾಣುವುದಿಲ್ಲ. ಆಗ ಹೊಸ ದಾರಿ ಹುಡುಕದೆ ಬಂದ ಗೆರೆಯಲ್ಲೇ ವಾಪಸಾಗಲು ಅದು ಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಟವರ್ ಹುಡುಕುತ್ತಾ ಬ್ಯಾಟರಿ ಮುಗಿಯುವುದೇ ಹೆಚ್ಚು.

ಕೆಟ್ಟರೆ ಎಲ್ಲಿಗೆ

ಕಾಲು ಉಳುಕಿದರೆ ಶೂ ಬಿಚ್ಚಬೇಡಿ, ಬಿಚ್ಚಿದರೆ ಬಾವು ಬಂದು ಮತ್ತೆ ಹಾಕಲಾಗದು. ಮೇಲಿನಿಂದಲೇ ಬಿಗಿದು ಕಟ್ಟಿ, ಕೋಲು ಕೊಟ್ಟು ನಿಧಾನ ಇಳಿಸಿ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆಯಿರಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ಇಳಿಸಿ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಿ ಎರಡನೆಯವರಿಗೂ ಕಚ್ಚಿಸಿಕೊಳ್ಳಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಪೂಡಂಕಲ್ಲಿನಲ್ಲಿ, ದೊಡ್ಡದು ಬೇಕಾದರೆ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಒಬ್ಬರು ಗಾಯಗೊಂಡವರ ಹತ್ತಿರ ಕೂರಬೇಕು, ಇಬ್ಬರು ಕೌಂಟರಿಗೆ ಇಳಿಯಬೇಕು. ಹಾಗಾಗಿ ನಾಲ್ಕು ಜನಕ್ಕಿಂತ ಕಡಿಮೆ ಹೋಗಬೇಡಿ.

ಕಾಡಿನಲ್ಲಿ ಕಕ್ಕಸಿಗೆ ಹೋಗಲೇಬೇಕಾದರೆ ನೀರಿನಿಂದ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ, ಮೇಲೆ ಮಣ್ಣು. ಒದ್ದೆ ಟಿಶ್ಯೂ ಹೂತರೆ ಕರಗುವುದಿಲ್ಲ, ತನ್ನಿ.

ಎರಡನೆಯ ದಿನ

ಕಾಲಲ್ಲಿ ಇನ್ನೂ ಜೀವ ಇದ್ದರೆ ಕೋಟ್ಟಂಚೇರಿ ಬೆಟ್ಟ ಇದೆ. ಅದಕ್ಕೆ ಬೆಟ್ಟದ ಮೇಲಿಂದ ದಾಟುವುದಲ್ಲ, ರಸ್ತೆಯಲ್ಲಿ ಇಳಿದು ಒಡಯಂಚಾಲ್‌ನಿಂದ ವೆಳ್ಳರಿಕುಂಡು, ಮಾಲೋಂ ದಾಟಿ ಕೊನ್ನಕ್ಕಾಡಿಗೆ ಬರಬೇಕು. ಇದೂ ಕೊಡಗಿನ ಗಡಿಗೆ ತಾಗಿದ ಕಾಡು. ರಾಣಿಪುರಂನಷ್ಟು ವ್ಯವಸ್ಥೆ ಇಲ್ಲ, ಜನವೂ ಕಡಿಮೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ, ಊರಿನವರು ಜೊತೆಗಿಲ್ಲದೆ ಹತ್ತುವಂಥದ್ದಲ್ಲ. ಒಪ್ಪಿಗೆಯ ಮಾತನ್ನು ಒಂದು ವಾರ ಮೊದಲೇ ಆಡಿ, ಬೆಳಗ್ಗೆ ಬಂದು ನಿಂತು ಕೇಳಿದರೆ ಆಗುವುದಿಲ್ಲ. ಗೈಡ್‌ಗೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಬೇಡ. ಅವರಿಗೆ ಆ ದಿನದ ಟ್ಯಾಪಿಂಗ್ ಕೆಲಸ ತಪ್ಪಿರುತ್ತದೆ.

ಒಪ್ಪಿಗೆ ಸಿಗಲಿಲ್ಲ ಅಂದರೆ ಕೊನ್ನಕ್ಕಾಡಿನ ಪೇಟೆಯಲ್ಲಿ ಚಾ ಕುಡಿದು, ತೋಟಗಳ ನಡುವಿನ ಪಂಚಾಯತ್ ರಸ್ತೆಯಲ್ಲೇ ಒಂದೆರಡು ಗಂಟೆ ನಡೆಯಿರಿ. ಕರಿಮೆಣಸಿನ ಬಳ್ಳಿ, ಕೊಕ್ಕೋ, ರಬ್ಬರ್ ಹಾಳೆ ಒಣಹಾಕಿದ ಅಂಗಳಗಳು, ಮೇಲೆ ಬೆಟ್ಟ. ಅದಕ್ಕೆ ಯಾರ ಅನುಮತಿಯೂ ಬೇಡ. ಸಂಜೆಯ ರೈಲು ಹಿಡಿಯುವವರು ಕಾಞಂಗಾಡಿಗೆ ಎರಡು ಗಂಟೆ ಲೆಕ್ಕ ಇಟ್ಟುಕೊಂಡು ಹೊರಡಿ, ಮಲೆನಾಡಿನ ಬಸ್ಸು ಪ್ರತಿ ತಿರುವಿನಲ್ಲೂ ಜನ ಹತ್ತಿಸಿಕೊಳ್ಳುತ್ತದೆ.